ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದಿ ಹೊರಬಂದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಡೆ ಯಾವ ಮನೆಗೆ ಹೋದರೂ ಒಂದೇ ಮಾತು: ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಹದಿನಾರರ ಹುಡುಗಿ ಕೊಡುವ ಒಂದು ಉತ್ತರಕ್ಕೆ ಅವಳ ಮುಂದಿನ ನಲವತ್ತು ವರ್ಷ ಜೋತುಬಿದ್ದಿದೆ ಎಂಬ ಆತಂಕ ಎಲ್ಲರ ಮುಖದಲ್ಲೂ ಇರುತ್ತದೆ. ಅಂಥ ಮಾತುಕತೆಗಳಲ್ಲಿ ನಾನು ಅಮೆರಿಕದ ಒಂದು ಸಣ್ಣ ಕಾಲೇಜಿನ ಕಥೆ ಹೇಳುತ್ತಾ ಬಂದಿದ್ದೇನೆ. ಕೇಳಿದವರು ತಿರುಗಿ ಹಾಕುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ.

ಈ ಕಾಲೇಜು ಎಲ್ಲಿದೆ? ಎಷ್ಟು ಸಣ್ಣದು?

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾ ನಗರದಿಂದ ನೈಋತ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದಲ್ಲಿದೆ. ನಾಲ್ಕೂ ವರ್ಷದವರನ್ನು ಒಟ್ಟು ಸೇರಿಸಿದರೂ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1,600. ಬೆಂಗಳೂರಿನ ಒಂದು ದೊಡ್ಡ ಪಿಯು ಕಾಲೇಜಿನಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರ ಲೆಕ್ಕ. ಸ್ನಾತಕೋತ್ತರ ತರಗತಿಗಳಿಲ್ಲ, ಪಿಎಚ್‌ಡಿ ಇಲ್ಲ. ಹಾಗಾಗಿ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಕೈಜೋಡಿಸಲು ಸಂಶೋಧನಾ ವಿದ್ಯಾರ್ಥಿಗಳು ಸಿಗುವುದಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರೇ ಆ ಕೆಲಸಕ್ಕೆ ಬೇಕು.

ಸ್ಥಾಪನೆಯಾದದ್ದು 1864ರಲ್ಲಿ, ಪಾಠ ಶುರುವಾದದ್ದು 1869ರಲ್ಲಿ. ಕಟ್ಟಿದವರು ಕ್ವೇಕರರು. ಯುದ್ಧ ಬೇಡವೆನ್ನುವ, ಗುಲಾಮಗಿರಿಯನ್ನು ವಿರೋಧಿಸಿದ, ಒಟ್ಟಿಗೆ ಮೌನವಾಗಿ ಕೂತು ಪ್ರಾರ್ಥಿಸುವ ಕ್ರೈಸ್ತ ಪಂಥ ಅದು. ಗುಲಾಮಗಿರಿಯ ವಿರುದ್ಧವೂ ಹೆಣ್ಣುಮಕ್ಕಳ ಹಕ್ಕಿಗಾಗಿಯೂ ಹೋರಾಡಿದ ಲುಕ್ರೀಷಿಯಾ ಮಾಟ್ ಸ್ಥಾಪಕರಲ್ಲಿ ಒಬ್ಬರು. ಇಲ್ಲಿ ಮೊದಲ ದಿನದಿಂದಲೇ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಕೂತು ಓದಿದರು. ಆ ಕಾಲಕ್ಕೆ ಅಮೆರಿಕದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ.

ಹೆಸರನ್ನು ಹೇಗೆ ಹೇಳಬೇಕು?

ಅಲ್ಲಿಯವರಲ್ಲಿ ಅನೇಕರು ಮೊದಲ ‘ರ’ಕಾರ ನುಂಗಿ ‘ಸ್ವಾಥ್‌ಮೋರ್’ ಎನ್ನುತ್ತಾರೆ. ಬರಹಕ್ಕೆ ಹತ್ತಿರವಿರಲಿ ಎಂದು ನಾನು ಸ್ವಾರ್ಥ್‌ಮೋರ್ ಎಂದೇ ಬರೆಯುತ್ತೇನೆ. ಕನ್ನಡ ಲಿಪಿಯಲ್ಲಿ ‘ಸ್ವಾರ್ಥ’ ಕಣ್ಣಿಗೆ ಬೀಳುತ್ತದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಕ್ವೇಕರ್ ಚಳವಳಿಯ ಆರಂಭದ ದಿನಗಳ ನೆಲೆಯಾಗಿದ್ದ ಸ್ವಾರ್ಥ್‌ಮೂರ್ ಎಂಬ ಮನೆಯ ಹೆಸರಿನಿಂದ ಬಂದದ್ದು.

ಲಿಬರಲ್ ಆರ್ಟ್ಸ್ ಅಂದರೆ ನಮ್ಮ ಬಿ.ಎ. ತಾನೆ? ಆರ್ಟ್ಸ್ ಕಾಲೇಜಿನಿಂದ ವಿಜ್ಞಾನಿಗಳು ಹೇಗೆ ಬಂದರು?

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಪಿಯುಸಿಯ ‘ಆರ್ಟ್ಸ್’ಗೂ ಇದಕ್ಕೂ ಸಮಾನವಾಗಿರುವುದು ಹೆಸರು ಮಾತ್ರ. ಯುರೋಪಿನ ಮಧ್ಯಯುಗದಲ್ಲಿ ಲಿಬರಲ್ ಆರ್ಟ್ಸ್ ಎಂದು ಕರೆಯುತ್ತಿದ್ದ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಗಳ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಶಾಸ್ತ್ರವೂ ಇದ್ದವು. ಗಣಿತವನ್ನು ಹೊರಗಿಟ್ಟ ‘ಆರ್ಟ್ಸ್’ ನಾವು ಆಮೇಲೆ ಮಾಡಿಕೊಂಡದ್ದು.

ಸ್ವಾರ್ಥ್‌ಮೋರ್‌ನಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ಸಾಹಿತ್ಯ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಒಂದೇ ಛಾವಣಿಯಡಿ ಇವೆ. ಇಂಥ ಸಣ್ಣ ಕಾಲೇಜುಗಳಲ್ಲಿ ಅಪರೂಪವಾದ ಎಂಜಿನಿಯರಿಂಗ್ ಪದವಿಯೂ ಇದೆ. ಸೇರಿದ ಕೂಡಲೇ ವಿಷಯ ಆರಿಸಿಕೊಳ್ಳಬೇಕಿಲ್ಲ. ಮುಖ್ಯ ವಿಷಯ ಯಾವುದೆಂದು ಹೇಳುವುದು ಎರಡನೇ ವರ್ಷದಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಪಾಸೋ ಫೇಲೋ ಅಷ್ಟೇ, ಗ್ರೇಡು ದಾಖಲೆಗೆ ಹೋಗುವುದಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಕೈಹಾಕಿ ಎಡವಿದರೂ ಪರವಾಗಿಲ್ಲ ಎಂದು ಕಾಲೇಜೇ ಹೇಳಿದ ಹಾಗೆ.

ಇಲ್ಲಿ ಓದಿದವರಿಗೆ ಎಷ್ಟು ನೊಬೆಲ್ ಬಂದಿವೆ?

ಆರು. ಕ್ರಿಶ್ಚಿಯನ್ ಆನ್‌ಫಿನ್ಸನ್ (ರಸಾಯನಶಾಸ್ತ್ರ, 1972), ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ (ವೈದ್ಯಶಾಸ್ತ್ರ, 1975), ಎಡ್ವರ್ಡ್ ಪ್ರೆಸ್ಕಾಟ್ (ಅರ್ಥಶಾಸ್ತ್ರ, 2004), ಜಾನ್ ಮ್ಯಾಥರ್ (ಭೌತಶಾಸ್ತ್ರ, 2006), ಜಾನ್ ಹಾಪ್‌ಫೀಲ್ಡ್ (ಭೌತಶಾಸ್ತ್ರ, 2024).

1937ರಲ್ಲಿ ಪದವಿ ಪಡೆದ ಆನ್‌ಫಿನ್ಸನ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಪ್ರೋಟೀನ್ ಎಂಬ ಉದ್ದನೆಯ ಸರ ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಯಾವ ಆಕಾರ ಎಂಬುದು ಆ ಸರದ ಮಣಿಗಳ ಕ್ರಮದಲ್ಲೇ ಅಡಗಿದೆ ಎಂದು ತೋರಿಸಿದರು. 2024ರ ರಸಾಯನಶಾಸ್ತ್ರ ನೊಬೆಲ್‌ನ ಒಂದು ಪಾಲು ಕಂಪ್ಯೂಟರಿನಿಂದ ಪ್ರೋಟೀನಿನ ಆಕಾರ ಊಹಿಸಿದವರಿಗೆ ಹೋಯಿತಲ್ಲ, ಅವರು ನಿಂತದ್ದು ಇದೇ ನೆಲದ ಮೇಲೆ. ಪ್ರೆಸ್ಕಾಟ್ 1962ರಲ್ಲಿ ಇಲ್ಲಿಂದ ಹೊರಬಂದದ್ದು ಗಣಿತದ ಪದವಿಯೊಂದಿಗೆ. ಸರ್ಕಾರ ಇಂದು ಕೊಟ್ಟ ಮಾತನ್ನು ನಾಳೆ ಮುರಿಯಬಹುದೆಂದು ಜನರಿಗೆ ಗೊತ್ತಿದ್ದರೆ ಆ ನೀತಿಯ ಗತಿ ಏನಾಗುತ್ತದೆ ಎಂಬ ಅವರ ವಿಶ್ಲೇಷಣೆಗೆ ಫಿನ್ ಕಿಡ್‌ಲ್ಯಾಂಡ್ ಜೊತೆ ಬಹುಮಾನ ಬಂತು. ಟೆಮಿನ್, ಬಾಲ್ಟಿಮೋರ್, ಮ್ಯಾಥರ್ ಬಗ್ಗೆ ಬಿಡಿಸಿಯೇ ಹೇಳಬೇಕು.

ಟೆಮಿನ್, ಬಾಲ್ಟಿಮೋರ್ ಇಬ್ಬರೂ ಒಂದೇ ಕಾಲೇಜಿನವರು, ಒಂದೇ ವರ್ಷ ನೊಬೆಲ್. ಅದು ಹೇಗೆ?

ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಪದ ಹಳ್ಳಿಯ ಆಶಾ ಕಾರ್ಯಕರ್ತೆಯಿಂದ ವಿಮಾನ ನಿಲ್ದಾಣದ ಸಿಬ್ಬಂದಿಯವರೆಗೆ ಎಲ್ಲರ ಬಾಯಲ್ಲೂ ಇತ್ತು. ಅದರಲ್ಲಿನ ‘ಆರ್‌ಟಿ’ ಎಂದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್, ಅಂದರೆ ಹಿಮ್ಮುಖ ನಕಲು. ಕೊರೊನಾ ವೈರಸ್ಸಿನಲ್ಲಿರುವುದು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ಆಗಿ ನಕಲು ಮಾಡಿಕೊಂಡು, ಆಮೇಲೆ ಲಕ್ಷಾಂತರ ಪಟ್ಟು ಹೆಚ್ಚಿಸಿ ಪತ್ತೆ ಹಚ್ಚುತ್ತಾರೆ. ಆ ನಕಲು ಮಾಡುವ ಕಿಣ್ವವನ್ನು ಕಂಡುಹಿಡಿದವರು ಈ ಇಬ್ಬರು.

ಟೆಮಿನ್ 1955ರಲ್ಲಿ ಜೀವಶಾಸ್ತ್ರ ಓದಿ ಹೊರಬಂದರು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್, ಮಾಹಿತಿ ಹರಿಯುವ ದಾರಿ ಇದೊಂದೇ ಎಂದು ಆಗ ಎಲ್ಲರೂ ನಂಬಿದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಹಿಂದೆ ಬಿದ್ದ ಟೆಮಿನ್, ನದಿ ಕೆಲವೊಮ್ಮೆ ಮೇಲ್ಮುಖವಾಗಿಯೂ ಹರಿಯುತ್ತದೆ, ಆರ್‌ಎನ್‌ಎಯಿಂದ ಡಿಎನ್‌ಎ ಆಗುತ್ತದೆ ಎಂದರು. 1960ರ ದಶಕವಿಡೀ ಅವರ ಮಾತಿಗೆ ಮನ್ನಣೆ ಸಿಗಲಿಲ್ಲ. ಅವರು ಪಟ್ಟು ಬಿಡಲಿಲ್ಲ. 1970ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಟೋಶಿ ಮಿಝುಟಾನಿ ಜೊತೆ ಟೆಮಿನ್, ಎಂಐಟಿಯಲ್ಲಿ ತಮ್ಮಷ್ಟಕ್ಕೆ ಬಾಲ್ಟಿಮೋರ್ ಅದೇ ಕಿಣ್ವವನ್ನು ಕಂಡರು. ಎರಡೂ ಲೇಖನಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕದಲ್ಲಿ ಅಚ್ಚಾದವು. ಎಚ್‌ಐವಿ ಈ ಜಾತಿಯ ವೈರಸ್ ಎಂದು ಮುಂದೆ ಗೊತ್ತಾದಾಗ, ಅದರ ವಿರುದ್ಧದ ಮೊದಲ ಔಷಧಗಳು ಗುರಿಯಿಟ್ಟದ್ದು ಇದೇ ಕಿಣ್ವಕ್ಕೆ.

ಇವರಿಬ್ಬರ ಪರಿಚಯ ಅದಕ್ಕೂ ಹಳೆಯದು. ಬಾಲ್ಟಿಮೋರ್ ಇನ್ನೂ ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯಕ್ಕೆ ಹೋಗಿದ್ದರು. ಅಲ್ಲಿ ಚಿಕ್ಕವರಿಗೆಲ್ಲ ಗುರುವಿನಂತಿದ್ದವರು ಸ್ವಾರ್ಥ್‌ಮೋರ್‌ನಿಂದ ಬಂದಿದ್ದ ಟೆಮಿನ್. ಮುಂದೆ ಬಾಲ್ಟಿಮೋರ್ ಸೇರಿದ್ದೂ ಅದೇ ಕಾಲೇಜನ್ನು. ಜೀವಶಾಸ್ತ್ರದಲ್ಲಿ ಶುರುಮಾಡಿ, ಸಂಶೋಧನಾ ಪ್ರಬಂಧ ಬರೆಯುವ ಅವಕಾಶಕ್ಕಾಗಿ ರಸಾಯನಶಾಸ್ತ್ರಕ್ಕೆ ಬದಲಾದರು, 1960ರಲ್ಲಿ ಪದವಿ.

ಟೆಮಿನ್ ಬಗ್ಗೆ ಇನ್ನೊಂದು ಮಾತು. ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಸ್ವೀಕರಿಸಿದಾಗ ಅವರು ಆ ವೇದಿಕೆಯನ್ನು ಧೂಮಪಾನದ ವಿರುದ್ಧ ಮಾತಾಡಲು ಬಳಸಿದರು. ಕ್ಯಾನ್ಸರ್ ಸಂಶೋಧನೆಯನ್ನು ಗೌರವಿಸುತ್ತಾ, ಕ್ಯಾನ್ಸರ್ ತರುವುದನ್ನು ಸೇದುತ್ತಾ ಕೂರುವುದು ಅವರಿಗೆ ಸಹಿಸಲಾಗಲಿಲ್ಲ. ಒಂದು ದಿನವೂ ಸೇದದ ಅವರು 1994ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ದೂರದರ್ಶಕಗಳಿಗೂ ಈ ಕಾಲೇಜಿಗೂ ಏನು ನಂಟು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಕಾಲೇಜಿನ ಆವರಣದಲ್ಲಿ ಸ್ಪ್ರೌಲ್ ವೀಕ್ಷಣಾಲಯ ಎಂಬುದೊಂದಿತ್ತು, 24 ಅಂಗುಲದ ಮಸೂರದ ದೂರದರ್ಶಕ. ಇಷ್ಟು ಸಣ್ಣ ಕಾಲೇಜಿಗೆ ಅದು ದೊಡ್ಡ ಆಸ್ತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೆಲಸ ಕಲಿತವರು ನ್ಯಾನ್ಸಿ ಗ್ರೇಸ್ ರೋಮನ್. ಹೈಸ್ಕೂಲಿನಲ್ಲಿ ಲ್ಯಾಟಿನ್ ಬಿಟ್ಟು ಇನ್ನೊಂದು ವರ್ಷ ಬೀಜಗಣಿತ ಓದುತ್ತೇನೆಂದಾಗ, ಯಾವ ಹೆಣ್ಣುಮಗಳು ಹೀಗೆ ಕೇಳುತ್ತಾಳೆ ಎಂಬಂತೆ ಸಲಹೆಗಾರ್ತಿ ಮೂಗು ಮುರಿದಿದ್ದರು. ಕಾಲೇಜಿಗೆ ಬಂದರೆ ಅಲ್ಲೂ ವಿದ್ಯಾರ್ಥಿನಿಯರ ಡೀನ್, ವಿಜ್ಞಾನ ಹಿಡಿಯುವ ಹುಡುಗಿಯರ ವಿಷಯದಲ್ಲಿ ಆಸಕ್ತಿ ತೋರಲಿಲ್ಲ ಎಂದು ರೋಮನ್ ಮುಂದೆ ನೆನಪಿಸಿಕೊಂಡಿದ್ದಾರೆ. ಗಂಡು ಹೆಣ್ಣು ಸಮಾನವಾಗಿ ಓದಲೆಂದೇ ಕಟ್ಟಿದ ಕಾಲೇಜಿನಲ್ಲೂ ಹೀಗಿತ್ತು ಎಂಬುದನ್ನು ಮುಚ್ಚಿಡಬಾರದು.

1946ರಲ್ಲಿ ಪದವಿ, 1949ರಲ್ಲಿ ಷಿಕಾಗೋದಲ್ಲಿ ಪಿಎಚ್‌ಡಿ, ಆಮೇಲೆ ನಾಸಾ. ಅಲ್ಲಿ ಖಗೋಳ ವಿಭಾಗದ ಮೊದಲ ಮುಖ್ಯಸ್ಥೆಯಾದರು. ವಾತಾವರಣದ ಆಚೆ ಒಂದು ದೊಡ್ಡ ದೂರದರ್ಶಕ ಇರಬೇಕೆಂದು ಖಗೋಳ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಒಂದೇ ಮೇಜಿಗೆ ಕೂರಿಸಿ, ಹಣ ಕೊಡುವವರನ್ನು ಒಪ್ಪಿಸಲು ವರ್ಷಗಟ್ಟಲೆ ದುಡಿದರು. ಹಬಲ್ ದೂರದರ್ಶಕದ ತಾಯಿ ಎಂಬ ಬಿರುದು ಬಂದದ್ದು ಅದಕ್ಕೇ.

1990ರಲ್ಲಿ ಹಬಲ್ ಮೇಲೇರಿದಾಗ ಚಿತ್ರಗಳು ಮಸುಕಾಗಿ ಬಂದವು. ಕನ್ನಡಿಯ ಆಕಾರದಲ್ಲೇ ದೋಷವಿದೆ ಎಂದು ಪತ್ತೆ ಹಚ್ಚಿದ ತಂಡವೊಂದನ್ನು ಮುನ್ನಡೆಸಿದವರು ಸಾಂಡ್ರಾ ಫೇಬರ್. ಅವರೂ ಸ್ವಾರ್ಥ್‌ಮೋರ್‌ನವರೇ, 1966ರ ಪದವೀಧರೆ. ಗೆಲಾಕ್ಸಿಗಳ ಹೊಳಪಿಗೂ ಅವುಗಳೊಳಗಿನ ನಕ್ಷತ್ರಗಳ ವೇಗಕ್ಕೂ ಇರುವ ನಂಟನ್ನು ಅವರು ರಾಬರ್ಟ್ ಜಾಕ್ಸನ್ ಜೊತೆ 1976ರಲ್ಲಿ ತೋರಿಸಿದ್ದರು.

ಮೂರನೆಯವರು ಜಾನ್ ಮ್ಯಾಥರ್, 1968ರವರು. ವಿಶ್ವ ಹುಟ್ಟಿದಾಗಿನ ಬಿಸಿಯ ಅಳಿದುಳಿದ ಕಾವನ್ನು ಅಳೆಯಲು 1989ರಲ್ಲಿ ಹಾರಿದ ಕೋಬ್ ಉಪಗ್ರಹ ಅವರ ಕನಸು. ಮರುವರ್ಷದ ಜನವರಿಯಲ್ಲಿ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಅವರು ಆ ಅಳತೆಯ ರೇಖಾಚಿತ್ರವನ್ನು ತೆರೆಯ ಮೇಲೆ ಇಟ್ಟಾಗ, ಅಳತೆಗೂ ಸಿದ್ಧಾಂತಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣದೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದೆ ಅವರು ಜೇಮ್ಸ್ ವೆಬ್ ದೂರದರ್ಶಕದ ಹಿರಿಯ ಯೋಜನಾ ವಿಜ್ಞಾನಿಯಾದರು. ರೋಮನ್ ತೀರಿಕೊಂಡದ್ದು 2018ರ ಡಿಸೆಂಬರ್ 25ರಂದು. ವೆಬ್ ಹಾರಿದ್ದು 2021ರ ಡಿಸೆಂಬರ್ 25ರಂದು. ನಡುವೆ, 2020ರಲ್ಲಿ, ನಾಸಾ ತನ್ನ ಮುಂದಿನ ದೊಡ್ಡ ದೂರದರ್ಶಕಕ್ಕೆ ರೋಮನ್ ಹೆಸರಿಟ್ಟಿತು.

ಇದೇ ಸ್ಪ್ರೌಲ್ ವೀಕ್ಷಣಾಲಯದ ನಿರ್ದೇಶಕ ಪೀಟರ್ ವಾನ್ ಡೆ ಕಾಂಪ್ 1963ರಲ್ಲಿ ಬರ್ನಾರ್ಡ್ ನಕ್ಷತ್ರಕ್ಕೆ ಒಂದು ಗ್ರಹವಿದೆ ಎಂದು ಸಾರಿದ್ದರು. ಅದು ಉಪಕರಣದಲ್ಲಾದ ಬದಲಾವಣೆಯ ನೆರಳು ಎಂದು ಆಮೇಲೆ ತಿಳಿಯಿತು. ಉಪಕರಣವನ್ನೇ ಮೊದಲು ಶಂಕಿಸಬೇಕೆಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಆ ಕಾಲೇಜಿನಲ್ಲಿ ಬೇರೆ ಇರಲಿಕ್ಕಿಲ್ಲ.

ಓದಿದ್ದೊಂದು, ಮಾಡಿದ್ದೊಂದು ಎಂಬವರು ಇದ್ದಾರೆಯೇ?

ನಾನು ಈ ಕಾಲೇಜಿನ ಕಥೆ ಹೇಳುವುದೇ ಅವರಿಗಾಗಿ.

ಆಲಿಸ್ ಪಾಲ್ ಅವರನ್ನು ತೆಗೆದುಕೊಳ್ಳಿ. ಕಾಲೇಜಿನ ಸ್ಥಾಪಕರಲ್ಲಿ ಅವರ ತಾಯಿಯ ತಂದೆಯೂ ಒಬ್ಬರು. ತನಗೆ ಏನೂ ಗೊತ್ತಿಲ್ಲದ ವಿಷಯ ಎಂಬ ಕಾರಣಕ್ಕೇ ಜೀವಶಾಸ್ತ್ರ ಆರಿಸಿಕೊಂಡು 1905ರಲ್ಲಿ ಪದವಿ ಮುಗಿಸಿದರು. ಇಂಗ್ಲೆಂಡಿಗೆ ಹೋಗಿ ಅಲ್ಲಿ ಮತದಾನದ ಹಕ್ಕಿಗಾಗಿ ಬೀದಿಗಿಳಿದಿದ್ದ ಹೆಂಗಸರ ಜೊತೆ ಸೇರಿ ಜೈಲು ಕಂಡರು. ಅಮೆರಿಕಕ್ಕೆ ಮರಳಿ 1913ರ ಮಾರ್ಚ್ 3ರಂದು, ಹೊಸ ಅಧ್ಯಕ್ಷ ವಿಲ್ಸನ್ ಪ್ರಮಾಣವಚನದ ಮುನ್ನಾದಿನ, ವಾಷಿಂಗ್ಟನ್ನಿನ ಬೀದಿಯಲ್ಲಿ ಸಾವಿರಾರು ಹೆಂಗಸರ ಮೆರವಣಿಗೆ ಹೊರಡಿಸಿದರು. 1917ರ ಜನವರಿಯಿಂದ ಶ್ವೇತಭವನದ ಗೇಟಿನ ಮುಂದೆ ಬ್ಯಾನರ್ ಹಿಡಿದು ಮೌನವಾಗಿ ನಿಲ್ಲುವ ಧರಣಿ. ಮಳೆ, ಹಿಮ ಯಾವುದಕ್ಕೂ ಕದಲದೆ. ಬಂಧನವಾಯಿತು. ಜೈಲಿನಲ್ಲಿ ಉಪವಾಸ ಕೂತಾಗ ಗಂಟಲಿಗೆ ಕೊಳವೆ ತುರುಕಿ ಬಲವಂತವಾಗಿ ಉಣಿಸಿದರು. 1920ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೇ ತಿದ್ದುಪಡಿ ಅಂಗೀಕಾರವಾಗಿ ಹೆಣ್ಣುಮಕ್ಕಳಿಗೆ ಮತ ಬಂತು. ಅವರು ಅಲ್ಲಿಗೇ ಕೂರಲಿಲ್ಲ. 1923ರಲ್ಲಿ ಸಮಾನ ಹಕ್ಕುಗಳ ತಿದ್ದುಪಡಿಯ ಕರಡು ಸಂಸತ್ತಿನ ಮುಂದೆ ಬಂತು. 1977ರಲ್ಲಿ ತೀರಿಕೊಳ್ಳುವವರೆಗೂ ಅದರ ಬೆನ್ನು ಬಿಡಲಿಲ್ಲ. 1913ರ ಮೆರವಣಿಗೆಯಲ್ಲಿ ಕಪ್ಪು ಹೆಂಗಸರನ್ನು ಹಿಂದೆ ನಡೆಯಲು ಹೇಳಲಾಗಿತ್ತು ಎಂಬ ಕಳಂಕವೂ ಇದೆ. ಕಪ್ಪು ಪತ್ರಕರ್ತೆ ಐಡಾ ವೆಲ್ಸ್ ಅದನ್ನು ಒಪ್ಪದೆ ತಮ್ಮ ರಾಜ್ಯದವರ ನಡುವೆಯೇ ನಡೆದರು.

ಡೇವಿಡ್ ಲೂಯಿಸ್ ರಸಾಯನಶಾಸ್ತ್ರ ಓದಲು ಬಂದವರು. ನಡುವೆ ಒಂದು ವರ್ಷ ಆಕ್ಸ್‌ಫರ್ಡ್‌ಗೆ ಹೋಗಿ ಅಲ್ಲಿ ತತ್ತ್ವಶಾಸ್ತ್ರದ ರುಚಿ ಹತ್ತಿಸಿಕೊಂಡು ಮರಳಿದರು. ‘ಹಾಗಾಗದೆ ಹೀಗಾಗಿದ್ದರೆ’ ಎಂದು ನಾವು ದಿನವೂ ಆಡುವ ಮಾತಿನ ಅರ್ಥವೇನು ಎಂದು ಹಿಡಿದು, ಸಾಧ್ಯ ಲೋಕಗಳೆಲ್ಲ ನಮ್ಮ ಲೋಕದಷ್ಟೇ ನಿಜ ಎಂದು ವಾದಿಸುವವರೆಗೆ ಹೋದ ದೊಡ್ಡ ತತ್ತ್ವಜ್ಞಾನಿ ಅವರು.

ಬಾರ್ಬರಾ ಪಾರ್ಟಿ 1961ರಲ್ಲಿ ಗಣಿತದ ಪದವಿ ಪಡೆದರು. ‘ಪ್ರತಿಯೊಬ್ಬ ಹುಡುಗಿಯೂ ಒಂದು ಪುಸ್ತಕ ಓದಿದಳು’ ಎಂದರೆ ಎಲ್ಲರೂ ಓದಿದ್ದು ಒಂದೇ ಪುಸ್ತಕವೋ, ಒಬ್ಬೊಬ್ಬಳಿಗೆ ಒಂದೊಂದೋ? ಇಂಥ ವಾಕ್ಯಗಳ ಅರ್ಥವನ್ನು ಗಣಿತದ ನಿಖರತೆಯಿಂದ ಬಿಡಿಸುವ ಶಾಸ್ತ್ರವನ್ನು ಭಾಷಾವಿಜ್ಞಾನದೊಳಗೆ ತಂದು ಬೆಳೆಸಿದವರಲ್ಲಿ ಅವರು ಪ್ರಮುಖರು. ಗಣಿತ ಬಿಟ್ಟಿದ್ದರೆ ಆಗುತ್ತಿರಲಿಲ್ಲ, ಗಣಿತಕ್ಕಷ್ಟೇ ಅಂಟಿಕೊಂಡಿದ್ದರೂ ಆಗುತ್ತಿರಲಿಲ್ಲ.

ಟೆಡ್ ನೆಲ್ಸನ್ 1959ರಲ್ಲಿ ತತ್ತ್ವಶಾಸ್ತ್ರ ಮುಗಿಸಿದರು. ಒಂದು ಬರಹದಿಂದ ಇನ್ನೊಂದಕ್ಕೆ ಜಿಗಿಯುವ ಬರಹಕ್ಕೆ ‘ಹೈಪರ್‌ಟೆಕ್ಸ್ಟ್’ ಎಂಬ ಪದ ಟಂಕಿಸಿದವರು ಅವರು, 1960ರ ದಶಕದಲ್ಲಿ. ನೀವು ಇಂದು ಬೆರಳಿನಿಂದ ಒತ್ತುವ ಪ್ರತಿ ಕೊಂಡಿಯ ಹಿಂದೆ ಆ ಕಲ್ಪನೆಯಿದೆ.

ಮೊದಲ ತಂಡದಲ್ಲಿ ಓದಿದ ಹೆಣ್ಣುಮಕ್ಕಳು ಏನಾದರು?

ಒಬ್ಬರ ಹೆಸರು ಹೇಳಿದರೆ ಸಾಕು. ಹೆಲೆನ್ ಮ್ಯಾಗಿಲ್ 1873ರಲ್ಲಿ ಸ್ವಾರ್ಥ್‌ಮೋರ್‌ನಿಂದ ಪದವಿ ಪಡೆದು, 1877ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಪಿಎಚ್‌ಡಿ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರೇ.

ನಂತರದವರಲ್ಲಿ ಮ್ಯಾಕ್ಸೀನ್ ಸಿಂಗರ್ ಅವರನ್ನು ಮರೆಯಬಾರದು, 1952ರ ಪದವೀಧರೆ. ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ತಂತ್ರ ಕೈಗೆ ಬಂದಾಗ, ಮುಂದುವರಿಯುವ ಮೊದಲು ಅಪಾಯ ಅಳೆಯೋಣ ಎಂದು ವಿಜ್ಞಾನಿಗಳೇ 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದರು. ಅದರ ಸಂಘಟಕರಲ್ಲಿ ಸಿಂಗರ್ ಇದ್ದರು, ಬಾಲ್ಟಿಮೋರ್ ಇದ್ದರು.

ರಾಜಕಾರಣಿಗಳು, ಆಡಳಿತಗಾರರು?

ಮೈಕಲ್ ಡುಕಾಕಿಸ್ ಟೆಮಿನ್ ಅವರ ಸಹಪಾಠಿ, 1955ರ ತಂಡ. ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದವರು, 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಸೋತರು. ಆ ಚುನಾವಣೆಗಿಂತ ನನಗೆ ನೆನಪುಳಿದಿರುವುದು ಇದು: ಊರಿನ ಕ್ಷೌರಿಕರು ಕಪ್ಪು ವಿದ್ಯಾರ್ಥಿಗಳ ಕೂದಲು ಕತ್ತರಿಸಲು ಒಪ್ಪದಿದ್ದಾಗ, ವಿದ್ಯಾರ್ಥಿ ಡುಕಾಕಿಸ್ ತಾವೇ ಕತ್ತರಿ ಹಿಡಿದು ಹಾಸ್ಟೆಲಿನಲ್ಲಿ ಕ್ಷೌರ ಮಾಡುತ್ತಿದ್ದರು. ಕಾರ್ಲ್ ಲೆವಿನ್ 1956ರವರು, ಮಿಷಿಗನ್‌ನಿಂದ 36 ವರ್ಷ ಸೆನೆಟರ್.

ಕ್ಲಾರ್ಕ್ ಕೆರ್ (1932) ಅವರದು ಬೇರೆಯೇ ತೂಕ. ಸಣ್ಣ ಕಾಲೇಜಿನಲ್ಲಿ ಓದಿದ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ಸಮುದಾಯ ಕಾಲೇಜಿನಿಂದ ಸಂಶೋಧನಾ ವಿಶ್ವವಿದ್ಯಾಲಯದವರೆಗೆ ಯಾವ ಮಗುವಿಗೂ ಒಂದು ಬಾಗಿಲು ತೆರೆದಿರಬೇಕೆಂಬ 1960ರ ಮಹಾಯೋಜನೆಯನ್ನು ರೂಪಿಸುವಲ್ಲಿ ಮುಂದಾಳಾದರು. 1967ರಲ್ಲಿ ಅವರನ್ನು ಹುದ್ದೆಯಿಂದ ತೆಗೆದರು. ಯೋಜನೆ ಉಳಿಯಿತು.

ಸಾಹಿತಿಗಳು?

ಕಾದಂಬರಿಕಾರರಾದ ಜೇಮ್ಸ್ ಮಿಚೆನರ್ (1929) ಮತ್ತು ಜೊನಾಥನ್ ಫ್ರಾನ್ಜೆನ್ (1981). ಮಿಚೆನರ್ ಹೆತ್ತವರಾರೆಂದು ತಿಳಿಯದೆ ಒಬ್ಬ ಕ್ವೇಕರ್ ತಾಯಿಯ ಮಡಿಲಲ್ಲಿ ಬಡತನದಲ್ಲಿ ಬೆಳೆದು, ವಿದ್ಯಾರ್ಥಿವೇತನದ ಮೇಲೆ ಓದಿದವರು. ಫ್ರಾನ್ಜೆನ್ ಓದಿದ್ದು ಜರ್ಮನ್. ಕವಿ ಆಡೆನ್ ಇಲ್ಲಿನವರೆಂದು ಕೆಲವರು ತಿಳಿದಿದ್ದಾರೆ. ಅವರು ಇಲ್ಲಿ 1940ರ ದಶಕದ ಮೊದಲರ್ಧದಲ್ಲಿ ಪಾಠ ಮಾಡಿದವರು, ಓದಿದವರಲ್ಲ.

ಸ್ಯಾಲಿ ರೈಡ್ ಇಲ್ಲಿಯ ಪದವೀಧರೆಯೇ?

ಅಲ್ಲ. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಇಲ್ಲಿ ಮೂರು ಸೆಮಿಸ್ಟರ್ ಓದಿದ್ದು ನಿಜ. ಆಮೇಲೆ ಟೆನಿಸ್ ಸೆಳೆತಕ್ಕೆ ಕ್ಯಾಲಿಫೋರ್ನಿಯಾಗೆ ಮರಳಿದರು, ಪದವಿ ಸ್ಟ್ಯಾನ್‌ಫರ್ಡ್‌ನದು.

ದುಡ್ಡು ಮಾಡಿದವರು ಯಾರೂ ಇಲ್ಲವೇ?

ಇದ್ದಾರೆ. ಯುಜೀನ್ ಲ್ಯಾಂಗ್ (1938) ಹದಿಹರೆಯದಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ, ಊಟಕ್ಕೆ ಬಂದ ಒಬ್ಬರು ಹುಡುಗನ ಮಾತು ಕೇಳಿ ಸ್ವಾರ್ಥ್‌ಮೋರ್‌ನ ದಾರಿ ತೋರಿಸಿದರು. ಓದಿ, ಉದ್ಯಮ ಕಟ್ಟಿ, ಶ್ರೀಮಂತರಾದರು. 1981ರಲ್ಲಿ ತಾವು ಚಿಕ್ಕಂದಿನಲ್ಲಿ ಕಲಿತಿದ್ದ ಈಸ್ಟ್ ಹಾರ್ಲೆಮ್‌ನ ಶಾಲೆಗೆ ಆರನೇ ತರಗತಿಯ ಬೀಳ್ಕೊಡುಗೆಗೆ ಭಾಷಣ ಮಾಡಲು ಹೋದರು. ಕಷ್ಟಪಟ್ಟರೆ ಮೇಲೆ ಬರುತ್ತೀರಿ ಎಂದು ಹೇಳಬೇಕೆಂದಿದ್ದರು. ಮಕ್ಕಳಲ್ಲಿ ಹೆಚ್ಚಿನವರು ಹೈಸ್ಕೂಲನ್ನೇ ಮುಗಿಸಲಿಕ್ಕಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಆ ಭಾಷಣ ಬದಿಗಿಟ್ಟು, ಹೈಸ್ಕೂಲ್ ಮುಗಿಸಿದವರ ಕಾಲೇಜು ಶುಲ್ಕ ನನ್ನದು ಎಂದು ಅಲ್ಲಿದ್ದ 61 ಮಕ್ಕಳಿಗೆ ಮಾತು ಕೊಟ್ಟರು. ಬರೀ ಹಣ ಸಾಲದೆಂದು ಬೇಗ ಅರಿತು ಮಕ್ಕಳ ಬೆನ್ನಿಗೆ ನಿಲ್ಲುವ ವ್ಯವಸ್ಥೆಯನ್ನೂ ಕಟ್ಟಿದರು. ಅದೇ ದೇಶದ ಹಲವೆಡೆ ಹರಡಿದ ಸಂಸ್ಥೆಯಾಯಿತು. 2012ರಲ್ಲಿ ಕಾಲೇಜಿಗೆ 5 ಕೋಟಿ ಡಾಲರ್ ಕೊಟ್ಟರು.

ಪಾಠದಲ್ಲಿ ಅಂಥದ್ದೇನಿದೆ?

1921ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಫ್ರ್ಯಾಂಕ್ ಏಡಲಾಟ್ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಅಲ್ಲಿ ಕಂಡದ್ದರ ಮಾದರಿಯಲ್ಲಿ 1922ರಲ್ಲಿ ಆನರ್ಸ್ ಪದ್ಧತಿ ಶುರುಮಾಡಿದರು. ಬೆರಳೆಣಿಕೆಯ ವಿದ್ಯಾರ್ಥಿಗಳು ಒಂದು ಮೇಜಿನ ಸುತ್ತ ಕೂರುತ್ತಾರೆ. ಮೊದಲೇ ಬರೆದು ಹಂಚಿದ ಪ್ರಬಂಧಗಳ ಮೇಲೆ ಗಂಟೆಗಟ್ಟಲೆ ಚರ್ಚೆ. ಕೊನೆಯಲ್ಲಿ ಪರೀಕ್ಷೆ ಮಾಡುವವರು ಬೇರೆ ವಿಶ್ವವಿದ್ಯಾಲಯಗಳಿಂದ ಬಂದ ವಿದ್ವಾಂಸರು, ಬರಹದಲ್ಲೂ ಮುಖಾಮುಖಿಯಲ್ಲೂ.

ನಮ್ಮಲ್ಲೂ ಪ್ರಾಕ್ಟಿಕಲ್‌ಗೆ ‘ಎಕ್ಸ್‌ಟರ್ನಲ್’ ಬರುತ್ತಾರೆ, ನಿಜ. ಬಂದವರಿಗೆ ರೆಕಾರ್ಡ್ ತೋರಿಸಿ, ನಾಲ್ಕು ವೈವಾ ಪ್ರಶ್ನೆ ಎದುರಿಸಿದರೆ ಮುಗಿಯಿತು. ಇಲ್ಲಿ ಎರಡು ವರ್ಷ ಓದಿದ್ದೆಲ್ಲ ಆ ಹೊರಗಿನವರ ಮುಂದೆ ನಿಲ್ಲಬೇಕು. ಅದರಿಂದ ಒಂದು ದೊಡ್ಡ ಬದಲಾವಣೆಯಾಗುತ್ತದೆ: ಅಂಕ ಕೊಡುವವರು ತನ್ನ ಮೇಷ್ಟ್ರಲ್ಲವಾದ್ದರಿಂದ ವಿದ್ಯಾರ್ಥಿ ಅವರನ್ನು ಮೆಚ್ಚಿಸಬೇಕಿಲ್ಲ, ಹೆದರಬೇಕಿಲ್ಲ. ಇಬ್ಬರೂ ಒಂದೇ ಕಡೆಯ ಆಟಗಾರರು. ಈ ದಾರಿ ಎಲ್ಲರಿಗೂ ಕಡ್ಡಾಯವಲ್ಲ, ಆದರೆ ಇಡೀ ಕಾಲೇಜಿನ ಗಾಳಿಯಲ್ಲಿ ಅದು ಬೆರೆತಿದೆ.

ಇವರೆಲ್ಲ ಕಾಲೇಜಿನಿಂದಲೇ ದೊಡ್ಡವರಾದರು ಎನ್ನಬಹುದೇ?

ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಸೇರುವಾಗಲೇ ಸೋಸಿ ಆರಿಸಿದ ಚುರುಕು ಮಕ್ಕಳು ಅವರು. ಕಾಲೇಜಿನ ನಿಧಿ 200 ಕೋಟಿ ಡಾಲರಿಗೂ ಹೆಚ್ಚು. ಎಂಟು ಮಕ್ಕಳಿಗೊಬ್ಬ ಅಧ್ಯಾಪಕರನ್ನು ಇಡಲು ಅದೇ ಆಧಾರ. ಯಾರಿಗೆ ಬಾಗಿಲು ಮುಚ್ಚಿತ್ತು ಎಂಬುದನ್ನೂ ಕೇಳಬೇಕು. ಗುಲಾಮಗಿರಿ ವಿರೋಧಿಗಳು ಕಟ್ಟಿದ ಈ ಕಾಲೇಜಿಗೆ ಕಪ್ಪು ವಿದ್ಯಾರ್ಥಿಗಳು ಬಂದದ್ದು 1940ರ ದಶಕದಲ್ಲಿ. 1969ರ ಜನವರಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಪ್ರವೇಶ ಕಚೇರಿಯಲ್ಲಿ ಧರಣಿ ಕೂತು ತಮ್ಮ ಸಂಖ್ಯೆ ಹೆಚ್ಚಬೇಕೆಂದು ಒತ್ತಾಯಿಸಿದರು. ಆ ದಿನಗಳಲ್ಲೇ ಅಧ್ಯಕ್ಷ ಕೋರ್ಟ್ನಿ ಸ್ಮಿತ್ ಹೃದಯಾಘಾತದಿಂದ ತೀರಿಕೊಂಡರು. ಕಾಲೇಜಿಗೆ ಅದು ಆಳದ ಗಾಯ.

ಇಷ್ಟಾದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಲೂಯಿಸ್ ರಸಾಯನಶಾಸ್ತ್ರದಿಂದ ತತ್ತ್ವಶಾಸ್ತ್ರಕ್ಕೆ ಬಂದಾಗ ಹೊಸದಾಗಿ ಇನ್ನೊಂದು ಪ್ರವೇಶ ಪರೀಕ್ಷೆ ಬರೆಯಬೇಕಾಗಲಿಲ್ಲ, ಒಂದು ವರ್ಷ ಹಾಳಾಯಿತೆಂದು ಯಾರೂ ಲೆಕ್ಕ ಹಾಕಲಿಲ್ಲ. ನಮ್ಮಲ್ಲಿ ಪಿಯುಸಿಯಲ್ಲಿ ಹಿಡಿದ ಕಾಂಬಿನೇಷನ್ ಬಿಟ್ಟು ಹೊರಬರುವುದೆಂದರೆ ಮನೆಯವರೆದುರು ತಪ್ಪೊಪ್ಪಿಗೆ ಕೊಟ್ಟಂತೆ. ಚುರುಕು ಮಕ್ಕಳು ನಮ್ಮಲ್ಲೂ ಇದ್ದಾರೆ. ದಾರಿ ಬದಲಿಸುವ ಹಕ್ಕು ಅವರಿಗಿಲ್ಲ.

ಕರ್ನಾಟಕದಲ್ಲಿ ಇಂಥ ಕಲಿಕೆ ಇದೆಯೇ?

ಸ್ವಲ್ಪ ಇದೆ. ರಾಜ್ಯದ ಕಾಯ್ದೆಯಡಿ 2010ರಲ್ಲಿ ಶುರುವಾದ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಸಮಾಜಶಾಸ್ತ್ರಗಳನ್ನು ಒಟ್ಟಿಗೆ ಕಲಿಯುವ ಪದವಿಗಳಿವೆ. 2021ರಲ್ಲಿ ರಾಜ್ಯದ ಕಾಲೇಜುಗಳಿಗೆ ನಾಲ್ಕು ವರ್ಷದ ಪದವಿ, ಮುಕ್ತ ಆಯ್ಕೆಯ ವಿಷಯಗಳು ಬಂದವು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಮೂರೋ ನಾಲ್ಕೋ ಎಂಬ ಚರ್ಚೆಯೇ ಜೋರಾಗಿ, ಹದಿನಾರಕ್ಕೇ ಬಾಗಿಲು ಹಾಕಬೇಕೇ ಎಂಬ ಪ್ರಶ್ನೆ ಹಿಂದೆ ಉಳಿಯಿತು ಎಂಬ ಬೇಸರ ನನಗಿದೆ.

ನಮ್ಮ ಮಕ್ಕಳು ಸ್ವಾರ್ಥ್‌ಮೋರ್‌ಗೆ ಹೋಗಬಹುದೇ?

ಅರ್ಜಿ ಹಾಕಬಹುದು. ಪ್ರವೇಶ ಸಿಗುವುದು ಬಹಳ ಕಷ್ಟ. ವಿದೇಶಿ ವಿದ್ಯಾರ್ಥಿಗಳಿಗೂ ಆರ್ಥಿಕ ನೆರವು ಇದೆ. ಆದರೆ ಎಷ್ಟು ನೆರವು ಬೇಕು ಎಂಬುದನ್ನು ಅವರ ಆಯ್ಕೆಯ ಸಮಯದಲ್ಲಿ ಗಮನಿಸುತ್ತಾರೆ. ಏಜೆಂಟರಿಗೆ ದುಡ್ಡು ಸುರಿಯದೆ ಕಾಲೇಜಿನ ಪ್ರವೇಶ ಕಚೇರಿಗೇ ಬರೆದು ಕೇಳಿ.

ಪದವಿ ಪ್ರದಾನ ಹೇಗೆ ನಡೆಯುತ್ತದೆ?

ಕಾಲೇಜಿನ ಇಡೀ ಆವರಣವೇ ಒಂದು ಸಸ್ಯೋದ್ಯಾನ, 1929ರಿಂದ. ಪದವಿಯ ದಿನ ಕೊನೆಯ ವರ್ಷದವರು ಅಲ್ಲಿನ ಗುಲಾಬಿ ತೋಟಕ್ಕೆ ಹೋಗಿ ತಮಗಿಷ್ಟವಾದ ಒಂದು ಹೂವನ್ನು ಆರಿಸಿಕೊಂಡು ನಿಲುವಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅಲ್ಲಿಂದ ಬಯಲು ರಂಗಮಂದಿರಕ್ಕೆ ನಡಿಗೆ. ಮೇಲೆ ಛಾವಣಿಯಿಲ್ಲ, ಎತ್ತರದ ಟ್ಯುಲಿಪ್ ಮರಗಳಿವೆ. ಹುಲ್ಲಿನ ಮೆಟ್ಟಿಲುಗಳ ಮೇಲೆ ಅಪ್ಪ ಅಮ್ಮಂದಿರು ಕೂತಿರುತ್ತಾರೆ.